ಕಾಫಿ ಲೋಟದ ಬಾಯಿ ದುಂಡಗೆ ಕಾಣುವುದು ಹೇಗೆ?

ದರ್ಶಿನಿಯಲ್ಲಿ ಕಾಫಿ ತಗೊಂಡು ಎತ್ತರದ ಮೇಜಿನ ಮೇಲೆ ಸ್ಟೀಲ್ ಲೋಟ ಇಟ್ಟಿದ್ದೀರಿ ಎಂದುಕೊಳ್ಳಿ. ಅದರ ಬಾಯಿ ಯಾವ ಆಕಾರದ್ದು ಎಂದು ಯಾರಾದರೂ ಕೇಳಿದರೆ ‘ದುಂಡಗಿದೆ, ಇದೇನು ಕೇಳುವ ಪ್ರಶ್ನೆಯೇ’ ಎನ್ನುತ್ತೀರಿ. ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ಫೋಟೊ ತೆಗೆಯಿರಿ, ಪರದೆಯ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ. ಕಣ್ಣು ಲೋಟದ ಬಾಯಿಗಿಂತ 30 ಸೆಂ.ಮೀ. ಮೇಲೆ, 50 ಸೆಂ.ಮೀ. ಆಚೆ ಇದ್ದರೆ ನೋಟ ಸುಮಾರು 30 ಡಿಗ್ರಿ ಓರೆಯಾಗಿರುತ್ತದೆ. ಆಗ ಫೋಟೊದಲ್ಲಿ ಬಾಯಿಯ ಅಡ್ಡಗಲ 6 ಸೆಂ.ಮೀ. ಬಂದರೆ ಎತ್ತರ ಹೆಚ್ಚು ಕಡಿಮೆ 3 ಬರುತ್ತದೆ. ಕಣ್ಣಿನೊಳಗೆ ಬಿದ್ದದ್ದೂ ಇದೇ ಚಪ್ಪಟೆ ಅಂಡಾಕಾರ. ನಿಮಗೆ ಕಂಡದ್ದು ಮಾತ್ರ ದುಂಡು.

ತಮಾಷೆ ಇಷ್ಟಕ್ಕೇ ನಿಲ್ಲುವುದಿಲ್ಲ. ನಿಜವಾಗಿಯೂ ಅಂಡಾಕಾರದ ಬಾಯಿಯಿರುವ ಪಾತ್ರೆಯನ್ನು ನೇರ ಮೇಲಿನಿಂದ ನೋಡಿದರೂ ಇದೇ ಚಿತ್ರ ಬೀಳುತ್ತದೆ. ದೂರದಲ್ಲಿಟ್ಟ ದೊಡ್ಡ ಕೊಳಗ, ಹತ್ತಿರದಲ್ಲಿಟ್ಟ ಚಿಕ್ಕ ಬಟ್ಟಲು ಎರಡೂ ಇದೇ ಚಿತ್ರ ಕೊಡಬಲ್ಲವು. ಒಂದು ಚಿತ್ರ, ಅದಕ್ಕೆ ಕಾರಣವಾಗಬಲ್ಲ ವಸ್ತುಗಳು ಲೆಕ್ಕವಿಲ್ಲದಷ್ಟು. ಗಣಿತದ ದೃಷ್ಟಿಯಲ್ಲಿ ಇದು ಬಿಡಿಸಲಾಗದ ಲೆಕ್ಕ, ಆದರೂ ಮಿದುಳು ಅದನ್ನು ಕಾಫಿ ಆರುವುದರೊಳಗೆ ಏನು, ರೆಪ್ಪೆ ಬಡಿಯುವುದರೊಳಗೇ ಬಿಡಿಸಿಬಿಟ್ಟಿರುತ್ತದೆ. ಹೇಗೆ ಎಂಬುದಕ್ಕೆ ನೂರೈವತ್ತು ವರ್ಷಗಳಿಂದ ಸಿದ್ಧಾಂತಗಳು ಬರುತ್ತಲೇ ಇವೆ. ಪಠ್ಯಪುಸ್ತಕಗಳು ಅವನ್ನು ಕುಸ್ತಿ ಕಣಕ್ಕಿಳಿದ ಪೈಲ್ವಾನರ ಹಾಗೆ ಎದುರುಬದುರು ನಿಲ್ಲಿಸಿ ಯಾರು ಗೆದ್ದರು ಎಂದು ಕೇಳುತ್ತವೆ. ಅದರಿಂದಲೇ ವಿದ್ಯಾರ್ಥಿಗಳಿಗೆ ಗೊಂದಲ. ಒಂದೊಂದು ಸಿದ್ಧಾಂತವೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದೆ. ಯಾವುದು ಯಾವ ಪ್ರಶ್ನೆಗೆ ಎಂದು ಬಿಡಿಸಿಕೊಂಡರೆ ಅರ್ಧ ಜಗಳ ಮುಗಿಯುತ್ತದೆ.

ಕಣ್ಣು ಕೊಡುವುದು ಎಷ್ಟು?

ಮೊದಲು ಕೈಯಲ್ಲಿರುವ ಬಂಡವಾಳ ನೋಡೋಣ. ಒಂದು ಕಣ್ಣಿನ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪರದೆಯಲ್ಲಿ, ಮಬ್ಬು ಬೆಳಕಿಗೆ ಸ್ಪಂದಿಸುವ ಕಡ್ಡಿ ಕೋಶಗಳು ಸುಮಾರು 12 ಕೋಟಿ, ಬಣ್ಣ ಮತ್ತು ಸೂಕ್ಷ್ಮ ವಿವರ ಹಿಡಿಯುವ ಶಂಕು ಕೋಶಗಳು ಸುಮಾರು 60 ಲಕ್ಷ. ಇಷ್ಟರ ಸುದ್ದಿ ಹೊತ್ತು ಮಿದುಳಿಗೆ ಹೋಗುವ ನರದ ಎಳೆಗಳು ಮಾತ್ರ ಹತ್ತು ಲಕ್ಷದ ಆಸುಪಾಸು. ನೂರಕ್ಕೂ ಹೆಚ್ಚು ಕೋಶಗಳ ಮಾತನ್ನು ಸರಾಸರಿ ಒಂದು ಎಳೆ ಹೇಳಬೇಕು. ಚೆನ್ನಾಗಿ ಕಾಣುವ ಜಾಗವೂ ಚಿಕ್ಕದು. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಉಗುರು ಮುಚ್ಚುವ ಸುಮಾರು 2 ಡಿಗ್ರಿ, ಅಷ್ಟೇ. ಈ ಸಾಲಿನ ಒಂದು ಅಕ್ಷರದ ಮೇಲೆ ಕಣ್ಣು ನೆಟ್ಟು ಕದಲಿಸದೆ ಇರಿ, ಎರಡು ಪದ ಆಚೆ ಏನಿದೆ ಎಂದು ಓದಲಾಗುವುದಿಲ್ಲ. ಇಡೀ ಪುಟ ಸ್ಪಷ್ಟವಾಗಿದೆ ಎನ್ನಿಸುವುದು ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ನೆಗೆಯುತ್ತಿರುವುದರಿಂದ.

ನರದ ಎಳೆಗಳು ಕಣ್ಣಿನಿಂದ ಹೊರಬೀಳುವ ಜಾಗದಲ್ಲಂತೂ ಏನೂ ಕಾಣುವುದಿಲ್ಲ. ಪರೀಕ್ಷಿಸುವುದು ಸುಲಭ. ಬಿಳಿ ಹಾಳೆಯ ಎಡಕ್ಕೆ ಒಂದು ಕೂಡುವ ಚಿಹ್ನೆ ಬರೆಯಿರಿ, ಅದರಿಂದ ಸರಿಯಾಗಿ 10 ಸೆಂ.ಮೀ. ಬಲಕ್ಕೆ 1 ಸೆಂ.ಮೀ. ಅಗಲದ ಕಪ್ಪು ಬೊಟ್ಟು ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು 60 ಸೆಂ.ಮೀ. ದೂರದಿಂದ ನಿಧಾನ ಹತ್ತಿರ ತನ್ನಿ. 35ರಿಂದ 40 ಸೆಂ.ಮೀ. ನಡುವೆ ಎಲ್ಲೋ ಬೊಟ್ಟು ಮಾಯವಾಗುತ್ತದೆ. ಆಗದಿದ್ದರೆ ಮೂರರಲ್ಲಿ ಒಂದು ತಪ್ಪಾಗಿರುತ್ತದೆ: ಕಣ್ಣು ಬೊಟ್ಟಿನ ಕಡೆ ಕದ್ದು ಓಡಿದೆ, ಹಾಳೆ ವಾಲಿದೆ, ಇಲ್ಲವೇ ಮುಚ್ಚಿದ್ದು ಬಲಗಣ್ಣು. ಈಗ ಬೊಟ್ಟಿನ ನಡುವೆ ಹಾದುಹೋಗುವಂತೆ ಉದ್ದ ಗೆರೆ ಎಳೆದು ಮತ್ತೆ ನೋಡಿ. ಬೊಟ್ಟು ಹೋದ ಜಾಗದಲ್ಲಿ ತೂತು ಕಾಣುವುದಿಲ್ಲ, ಗೆರೆ ಅಖಂಡವಾಗಿ ಸಾಗುತ್ತದೆ. ಇಲ್ಲದ್ದನ್ನು ಮಿದುಳು ಬಳಿದು ಮುಚ್ಚಿತು.

ಚುಕ್ಕಿ ಹೇಳುವ ಪಾಠ

ಮಿದುಳು ಯಾವುದನ್ನು ಯಾವುದಕ್ಕೆ ಸೇರಿಸುತ್ತದೆ? ಇದು ಬಿಡಿಗಿಂತ ಇಡಿಯೇ ಮುಖ್ಯ ಎಂದ ಗೆಸ್ಟಾಲ್ಟ್ ಪಂಥದ ಮನೋವಿಜ್ಞಾನಿಗಳ ಪ್ರಶ್ನೆ. ಮ್ಯಾಕ್ಸ್ ವರ್ಟೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಶುರು. ಅಕ್ಕಪಕ್ಕದ ಎರಡು ಗೆರೆಗಳನ್ನು ಒಂದಾದ ಮೇಲೊಂದು ಬೆಳಗಿಸಿದರೆ, ನಡುವಿನ ಅಂತರ ಸುಮಾರು 60 ಮಿಲಿಸೆಕೆಂಡ್ ಇದ್ದಾಗ ಎರಡು ಗೆರೆ ಕಾಣದೆ ಒಂದೇ ಗೆರೆ ಆಚೆಗೆ ಸರಿದಂತೆ ಕಾಣುತ್ತದೆ. 30ಕ್ಕೆ ಇಳಿಸಿದರೆ ಎರಡೂ ಒಟ್ಟಿಗೆ ಹೊತ್ತಿದಂತೆ, 200ಕ್ಕೆ ಏರಿಸಿದರೆ ಒಂದು ಆರಿ ಇನ್ನೊಂದು ಹೊತ್ತಿದಂತೆ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್‌ನಲ್ಲಿ ಬೆಳಕು ‘ಓಡುವುದು’ ಇದೇ ಲೆಕ್ಕದಲ್ಲಿ. ಓಡುವ ಬಲ್ಬು ಒಂದೂ ಇಲ್ಲ. ಬಿಡಿಗಳಲ್ಲಿ ಇಲ್ಲದ ಗುಣ ಇಡಿಯಲ್ಲಿ ಹುಟ್ಟಿತು.

1923ರಲ್ಲಿ ವರ್ಟೈಮರ್ ಕೂಡಿಕೆಯ ನಿಯಮಗಳನ್ನು ಬಿಡಿಸಿ ಬರೆದದ್ದು ಚುಕ್ಕಿಗಳ ಸಾಲನ್ನು ಇಟ್ಟುಕೊಂಡೇ. ನಮ್ಮಲ್ಲಿ ಅದಕ್ಕೆ ಪ್ರಯೋಗಾಲಯ ಬೇಕಿಲ್ಲ, ಬಸವನಗುಡಿಯ ಯಾವುದಾದರೂ ಮನೆ ಬಾಗಿಲ ಮುಂದೆ ಬೆಳಗ್ಗೆ ನಿಂತರೆ ಸಾಕು. ಐದು ಸಾಲು, ಸಾಲಿಗೆ ಐದು ಚುಕ್ಕಿ ಇಡಿ. ಅಡ್ಡಕ್ಕೂ ಉದ್ದಕ್ಕೂ ಅಂತರ ಸಮ ಇದ್ದರೆ ಕಣ್ಣು ಒಮ್ಮೆ ಅಡ್ಡಸಾಲು, ಒಮ್ಮೆ ಕಂಬಸಾಲು ಎಂದು ಓಲಾಡುತ್ತದೆ. ಅಡ್ಡ ಅಂತರ 3 ಸೆಂ.ಮೀ., ಉದ್ದದ್ದು 5 ಸೆಂ.ಮೀ. ಮಾಡಿದಿರೋ, ಬರೀ ಅಡ್ಡಸಾಲು. ಹತ್ತಿರವಿದ್ದವು ಒಂದಾಗುತ್ತವೆ. ಈಗ ಒಂದು ಕಂಬಸಾಲು ಬಿಟ್ಟು ಒಂದಕ್ಕೆ ಕೆಂಪು ಪುಡಿ ಹಾಕಿ, ಒಂದೇ ತೆರನಾದವು ಒಂದಾಗಿ ಕಂಬಸಾಲು ಮತ್ತೆ ಮೇಲೆದ್ದು ಹತ್ತಿರದವುಗಳ ಜೊತೆ ಜಗ್ಗಾಡುತ್ತದೆ. ಚುಕ್ಕಿಯನ್ನು ಸಂದಿನಲ್ಲಿ ಇಟ್ಟರೆ ಸಮೀಪದ ನೆರೆಯವರು ಓರೆಯಲ್ಲಿ ಬೀಳುತ್ತಾರೆ, ಹಾಗಾಗಿ ಗೆರೆ ಎಳೆಯುವ ಮೊದಲೇ ತ್ರಿಕೋನ, ಷಟ್ಕೋನಗಳು ಇಣುಕುತ್ತವೆ. ನಕ್ಷತ್ರದ ರಂಗೋಲಿಗೆ ಸಂದಿನ ಚುಕ್ಕಿ, ಚೌಕದ ತೊಟ್ಟಿಲಿಗೆ ನೇರ ಚುಕ್ಕಿ ಎಂದು ಆರಿಸುವುದು ಸುಮ್ಮನೆ ಅಲ್ಲ.

ಚುಕ್ಕಿಯ ಸುತ್ತ ಬಳಸಿ ಬರುವ ಎಳೆ ರಂಗೋಲಿಯಲ್ಲಿ ಇನ್ನೊಂದು ನಿಯಮ ಢಾಳಾಗಿ ಕಾಣುತ್ತದೆ. ಎರಡು ಎಳೆ ಒಂದನ್ನೊಂದು ದಾಟುವ ಕಡೆ ಬೆರಳಿಟ್ಟು ನೋಡಿ. ಆ ಬಿಂದುವಿನಿಂದ ಹೊರಡಲು ಮೂರು ದಾರಿ. ಆದರೂ ಕಣ್ಣು ತಿರುವು ತೆಗೆದುಕೊಳ್ಳದೆ, ಬಂದ ಬಾಗಿನಲ್ಲೇ ಮುಂದೆ ಹೋಗುತ್ತದೆ. ದಾಟುವ ಕಡೆ ಕೈ ನಡುಗಿ ಎಳೆ ಮುರಿದ ಕೋನವಾದರೆ, ಒಂದೇ ಸುತ್ತಿನ ರಂಗೋಲಿ ಎರಡು ಬೇರೆ ಬಳೆಗಳಾಗಿ ಒಡೆದು ಕಾಣುತ್ತದೆ. ಜೊತೆಗೆ ಚಲಿಸುವವು ಒಂದಾಗುತ್ತವೆ ಎಂಬ ನಿಯಮವೂ ಪಟ್ಟಿಯಲ್ಲಿದೆ. ಅದಕ್ಕೆ ಕೊನೆಯಲ್ಲಿ ಬರಬೇಕಾಗುತ್ತದೆ. ಆಕೃತಿ ಯಾವುದು, ಹಿನ್ನೆಲೆ ಯಾವುದು ಎಂಬುದನ್ನು ಡೆನ್ಮಾರ್ಕಿನ ಎಡ್ಗರ್ ರೂಬಿನ್ 1915ರಲ್ಲೇ ತೋರಿಸಿದ್ದರು: ಒಂದೇ ಅಂಚು, ಈ ಕಡೆಗೆ ಸೇರಿದರೆ ಹೂದಾನಿ, ಆ ಕಡೆಗೆ ಸೇರಿದರೆ ಎದುರುಬದುರು ಎರಡು ಮುಖ. ಅಂಚು ಏಕಕಾಲಕ್ಕೆ ಇಬ್ಬರ ಸ್ವತ್ತಾಗುವುದಿಲ್ಲ.

ಗೆಸ್ಟಾಲ್ಟಿನವರ ಸೋಲು ಎಲ್ಲಿ? ಏನಾಗುತ್ತದೆ ಎಂದು ಚೊಕ್ಕವಾಗಿ ಹೇಳಿದರು, ಯಾಕೆ ಎಂಬಲ್ಲಿ ಎಡವಿದರು. ಮಿದುಳಿನಲ್ಲಿ ವಿದ್ಯುತ್ ಕ್ಷೇತ್ರಗಳು ಹರಡಿ ಆಕಾರ ಮೂಡುತ್ತದೆ ಎಂದು ಇದೇ ಪಂಥದ ಕೋಲರ್ ವಾದಿಸಿದರು. 1951ರಲ್ಲಿ ಲ್ಯಾಶ್ಲಿ ಮತ್ತು ಸಂಗಡಿಗರು ಕೋತಿಗಳ ಮಿದುಳಿನ ಮೇಲೆ ಚಿನ್ನದ ತಗಡು ಹಾಸಿ ಅಂಥ ಕ್ಷೇತ್ರವನ್ನು ಕೆಡಿಸಿದರೂ ಕೋತಿಗಳು ಆಕಾರ ಗುರುತಿಸುವುದರಲ್ಲಿ ಎಡವಲಿಲ್ಲ. ವಿವರಣೆ ಬಿತ್ತು, ನಿಯಮಗಳು ಉಳಿದವು.

ಹಗ್ಗವೋ ಹಾವೋ

ಯಾಕೆ ಎಂಬುದಕ್ಕೆ ಅವರಿಗಿಂತ ಹಳೆಯ ಉತ್ತರವೊಂದಿತ್ತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲಿ ಹೇಳಿದ್ದು: ನೋಡುವುದೆಂದರೆ ಅರಿವಿಗೆ ಬಾರದಂತೆ ನಡೆಯುವ ಊಹೆ. ಇದೇ ಚಿತ್ರ ಸಾಮಾನ್ಯವಾಗಿ ಯಾವ ವಸ್ತುವಿನಿಂದ ಬೀಳುತ್ತದೋ ಅದನ್ನೇ ಮಿದುಳು ‘ಕಾಣುತ್ತದೆ’. ಲೋಟಗಳ ಬಾಯಿ ಸಾಮಾನ್ಯವಾಗಿ ದುಂಡು, ಆದ್ದರಿಂದ ದುಂಡು ಕಂಡಿತು. 20ನೇ ಶತಮಾನದಲ್ಲಿ ರಿಚರ್ಡ್ ಗ್ರೆಗರಿ ಇದನ್ನೇ ಬೆಳೆಸಿ, ಕಾಣ್ಕೆ ಎನ್ನುವುದು ವಿಜ್ಞಾನಿಯ ಪೂರ್ವಕಲ್ಪನೆಯಂಥದು, ಹೊಸ ಪುರಾವೆ ಸಿಕ್ಕರೆ ತಿದ್ದಿಕೊಳ್ಳುತ್ತದೆ ಎಂದರು.

ಊಹೆ ನಡೆಯುತ್ತಿದೆ ಎಂದು ಗೊತ್ತಾಗುವುದು ಅದು ತಪ್ಪಿದಾಗ. ಒಂದು ಅಂಗೈಯನ್ನು ಮುಖದಿಂದ 30 ಸೆಂ.ಮೀ. ದೂರ, ಇನ್ನೊಂದನ್ನು 60 ಸೆಂ.ಮೀ. ದೂರ ಹಿಡಿಯಿರಿ. ರೆಟಿನಾದ ಮೇಲೆ ಹತ್ತಿರದ ಕೈ ದೂರದ್ದಕ್ಕಿಂತ ಎರಡು ಪಟ್ಟು ಉದ್ದ, ಆದರೆ ಎರಡೂ ಸಮ ಕಾಣುತ್ತವೆ. ಒಂದು ಕಣ್ಣು ಮುಚ್ಚಿ, ಹತ್ತಿರದ ಕೈ ದೂರದ್ದನ್ನು ಸ್ವಲ್ಪ ಮರೆಮಾಡುವ ಹಾಗೆ ಸರಿಸಿ. ತಟ್ಟನೆ ಒಂದು ಕೈ ಹಿರಿದು, ಇನ್ನೊಂದು ಮಗುವಿನ ಕೈಯಷ್ಟಾಗುತ್ತದೆ. ಅಷ್ಟು ಹೊತ್ತೂ ದೂರವನ್ನು ಲೆಕ್ಕಕ್ಕೆ ಹಿಡಿದು ಗಾತ್ರ ತಿದ್ದುತ್ತಿದ್ದ ಗುಮಾಸ್ತ ಆ ಕ್ಷಣ ಕೆಲಸ ನಿಲ್ಲಿಸಿದ.

ಇದಕ್ಕಿಂತ ಸೊಗಸಾದದ್ದು ಪಡ್ಡಿನ ಹಂಚು. ಕಿಟಕಿಯ ಹತ್ತಿರ ಹಂಚನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಬೆಳಕು ಮೇಲಿನಿಂದ ಓರೆಯಾಗಿ ಬೀಳಲಿ. ಗುಳಿಗಳು ಮಾತ್ರ ಕಾಣುವಂತೆ ಹತ್ತಿರದಿಂದ ಫೋಟೊ ತೆಗೆದು, ಫೋನನ್ನು ತಲೆಕೆಳಗು ಮಾಡಿ. ಪರದೆ ತಾನೇ ತಿರುಗದಂತೆ ಲಾಕ್ ಮಾಡಿಕೊಂಡಿರಬೇಕು. ಗುಳಿಗಳೆಲ್ಲ ಉಬ್ಬಿ ಗುಂಡು ಗುಂಡಾಗಿ ಎದ್ದು ನಿಲ್ಲುತ್ತವೆ. ಬೆಳಕು ಮೇಲಿನಿಂದ, ಒಂದೇ ಮೂಲದಿಂದ ಬರುತ್ತದೆ ಎಂದು ಮಿದುಳು ಹಿಡಿದುಕೊಂಡಿದೆ. ಗುಳಿಯಲ್ಲಿ ನೆರಳು ಮೇಲಂಚಿಗೆ ಇರುತ್ತದೆ, ತಿರುಗಿಸಿದರೆ ಕೆಳಂಚಿಗೆ ಬರುತ್ತದೆ, ಕೆಳಗೆ ನೆರಳಿರುವುದು ಉಬ್ಬಿಗೆ. ಕೆಲಸ ಮಾಡದಿದ್ದರೆ ಕಾರಣ ಬಹುತೇಕ ಬೆಳಕೇ: ಟ್ಯೂಬ್‌ಲೈಟೂ ಕಿಟಕಿಯೂ ಸೇರಿ ಎರಡು ಕಡೆಯಿಂದ ನೆರಳು ಬಿದ್ದಿದೆ. ಹೊಳೆಯುವ ಸ್ಟೀಲ್ ಇಡ್ಲಿ ತಟ್ಟೆ ಇದಕ್ಕೆ ಆಗಿಬರುವುದಿಲ್ಲ, ನೆರಳಿಗಿಂತ ಪ್ರತಿಬಿಂಬವೇ ಜಾಸ್ತಿ. ಕಪ್ಪು ಕಬ್ಬಿಣದ ಹಂಚೇ ಬೇಕು. ಫೋಟೊದಲ್ಲಿ ಹಿಡಿ ಕಂಡರೂ ಆಟ ಕೆಡುತ್ತದೆ, ಹಂಚು ತಲೆಕೆಳಗಾಗಿದೆ ಎಂಬ ಸುಳಿವು ಸಿಕ್ಕಿಬಿಡುತ್ತದೆ.

ಗ್ರೆಗರಿಯವರ ಮೆಚ್ಚಿನ ಪುರಾವೆ ಮುಖವಾಡ. ಪ್ಲಾಸ್ಟಿಕ್ ಮುಖವಾಡದ ಒಳಗುಳಿಯನ್ನು ಎರಡು ಮೀಟರ್ ದೂರದಿಂದ ಒಂದೇ ಕಣ್ಣಲ್ಲಿ ನೋಡಿ: ಮೂಗು ನಿಮ್ಮ ಕಡೆಗೇ ಚಾಚಿರುತ್ತದೆ. ಒಳಗುಳಿ ಎಂದು ಗೊತ್ತಿದ್ದರೂ ಹಾಗೇ. ಎರಡೂ ಕಣ್ಣು ತೆರೆದು ಅರ್ಧ ಮೀಟರಿಗೆ ಬಂದರೆ ಭ್ರಮೆ ಮುರಿಯುತ್ತದೆ, ಏಕೆಂದರೆ ಆಗ ಎರಡು ಕಣ್ಣಿನ ಚಿತ್ರಗಳ ವ್ಯತ್ಯಾಸ ಹಳೆಯ ಊಹೆಗಿಂತ ಬಲವಾದ ಸಾಕ್ಷಿಯಾಗುತ್ತದೆ.

ಸಾಕ್ಷಿ ಮತ್ತು ಹಳೆಯ ಊಹೆಯ ಈ ತಕ್ಕಡಿಯನ್ನು ಇಂದಿನವರು ಬೇಯ್ಸ್ ಸೂತ್ರದಿಂದ, ಅಂದರೆ ಹೊಸ ಸಾಕ್ಷಿ ಸಿಕ್ಕಾಗ ಹಳೆಯ ಊಹೆಯ ಸಾಧ್ಯತೆಯನ್ನು ತಿದ್ದುವ ಗಣಿತದಿಂದ, ತೂಗುತ್ತಾರೆ. ಊರಂಚಿನ ಹೊಸ ಬಡಾವಣೆ, ಸಂಜೆಗತ್ತಲು, ದಾರಿಯಲ್ಲಿ ಉದ್ದನೆಯದೇನೋ ಬಿದ್ದಿದೆ. ಲೆಕ್ಕಕ್ಕೆಂದು ಅಂಕಿ ಹಿಡಿಯೋಣ: ಇಂಥ ಕಡೆ ಇಂಥದು ನೂರಕ್ಕೆ 95 ಸಲ ಹಗ್ಗ, 5 ಸಲ ಹಾವು. ಆಕಾರ ಎರಡಕ್ಕೂ ಒಂದೇ ರೀತಿ ಹೊಂದುವುದರಿಂದ ಊಹೆ ಕದಲುವುದಿಲ್ಲ, ಹಗ್ಗವೇ. ಅಷ್ಟರಲ್ಲಿ ಅದು ಅಲುಗಿದಂತಾಯಿತು. ಗಾಳಿಗೆ ಹಗ್ಗ ಅಲುಗುವ ಸಾಧ್ಯತೆ 2%, ಹಾವು ಅಲುಗುವ ಸಾಧ್ಯತೆ 60% ಎನ್ನಿ. ಗುಣಿಸಿ: ಹಗ್ಗಕ್ಕೆ 0.95 × 0.02 = 0.019, ಹಾವಿಗೆ 0.05 × 0.60 = 0.030. ಒಟ್ಟು 0.049ರಲ್ಲಿ ಹಾವಿನ ಪಾಲು 61%. ಒಂದೇ ಒಂದು ಅಲುಗಾಟಕ್ಕೆ 5 ಇದ್ದದ್ದು 61 ಆಯಿತು. ಕಾಲು ಹಿಂದೆಗೆದದ್ದು ಪುಕ್ಕಲುತನವಲ್ಲ, ಲೆಕ್ಕಾಚಾರ.

ಹಗ್ಗ ಹಾವು ಎಂದ ಕೂಡಲೇ ವೇದಾಂತದ ರಜ್ಜುಸರ್ಪ ನೆನಪಾಗದೆ ಇರದು. ಶಬ್ದದ ಹೆಸರು ಅಂಟದ ನಿರ್ವಿಕಲ್ಪಕ, ‘ಇದು ಇಂಥದು’ ಎಂದು ತಿಳಿಯುವ ಸವಿಕಲ್ಪಕ ಎಂದು ನ್ಯಾಯದರ್ಶನವೂ ಪ್ರತ್ಯಕ್ಷವನ್ನು ಎರಡಾಗಿ ಬಗೆದಿದೆ. ಹೋಲಿಕೆ ಚೆಂದ. ಆದರೆ ‘ಎಲ್ಲ ನಮ್ಮಲ್ಲೇ ಇತ್ತು’ ಎನ್ನುವುದು ಅವಸರ. ಅವರು ಕೇಳುತ್ತಿದ್ದದ್ದು ಜ್ಞಾನ ಯಾವಾಗ ಪ್ರಮಾಣ ಎಂದು, ಹೆಲ್ಮ್‌ಹೋಲ್ಟ್ಸ್ ಕೇಳಿದ್ದು ಅದು ಹೇಗೆ ತಯಾರಾಗುತ್ತದೆ ಎಂದು. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆ ಮಾತ್ರ ಇಬ್ಬರಿಗೂ ಒಪ್ಪಿಗೆಯಾದೀತು.

ಊಹೆಯೇ ಬೇಡ ಎಂದವರು

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್‌ಗೆ ಈ ಊಹೆಯ ವಾದವೇ ಹಿಡಿಸಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ವಿಮಾನ ಚಾಲಕರ ನೋಟವನ್ನು ಅಧ್ಯಯನ ಮಾಡಿದವರು. ಕತ್ತಲೆ ಕೋಣೆಯಲ್ಲಿ ಗದ್ದ ಕಟ್ಟಿ ಕೂರಿಸಿ ಒಂದು ಕಣ್ಣಿಗೆ ಚಿತ್ರ ತೋರಿಸಿದರೆ ಮನುಷ್ಯ ಊಹೆ ಮಾಡದೆ ಇನ್ನೇನು ಮಾಡಿಯಾನು, ನಡೆದಾಡುವವನಿಗೆ ಬೆಳಕಿನಲ್ಲೇ ಬೇಕಾದಷ್ಟು ಮಾಹಿತಿ ಇದೆ ಎಂದರು. 1979ರವರೆಗೂ ಈ ವಾದವನ್ನು ಕಟ್ಟುತ್ತಲೇ ಇದ್ದರು.

ಸಿಗ್ನಲ್ ಬಿಟ್ಟು ನಿಮ್ಮ ಕಡೆ ಬರುತ್ತಿರುವ ಬಿಎಂಟಿಸಿ ಬಸ್ಸನ್ನು ನೋಡಿ. ಅದರ ವೇಗವೂ ದೂರವೂ ನಿಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಕಣ್ಣಿನಲ್ಲಿ ಅದರ ಚಿತ್ರ 2 ಡಿಗ್ರಿ ಅಗಲವಿದ್ದು ಸೆಕೆಂಡಿಗೆ ಅರ್ಧ ಡಿಗ್ರಿಯಂತೆ ಹಿಗ್ಗುತ್ತಿದ್ದರೆ, 2 ಭಾಗಿಸು 0.5, ಅಂದರೆ ನಾಲ್ಕು ಸೆಕೆಂಡಿಗೆ ನಿಮ್ಮ ಹತ್ತಿರ ಇರುತ್ತದೆ. 1976ರಲ್ಲಿ ಡೇವಿಡ್ ಲೀ ಇದಕ್ಕೆ ‘ಟೌ’ ಎಂದು ಹೆಸರಿಟ್ಟರು. ರಸ್ತೆ ದಾಟುವವರು ತಲೆಯಲ್ಲಿ ಭಾಗಾಕಾರ ಮಾಡುವುದಿಲ್ಲ, ಹಿಗ್ಗುವಿಕೆಯೇ ಉತ್ತರ. ಇದೇ ಲೆಕ್ಕದಲ್ಲಿ ಒಂದು ಅಪಾಯವೂ ಅಡಗಿದೆ. ಬೈಕಿನ ಚಿತ್ರ ಮೂಲದಲ್ಲೇ ಸಣ್ಣದು, ದೂರದಲ್ಲಿರುವಾಗ ಅದು ಹಿಗ್ಗುವುದು ಕಣ್ಣಿಗೆ ತಿಳಿಯದಷ್ಟು ಕಮ್ಮಿ. ಹಾಗಾಗಿ ಒಂದೇ ವೇಗದಲ್ಲಿ ಬರುವ ಬಸ್ಸಿಗಿಂತ ಬೈಕು ತಡವಾಗಿ ಬರುತ್ತದೆ ಎನ್ನಿಸುತ್ತದೆ. ಬಸ್ಸಿಗೆ ನಿಲ್ಲುವವರೂ ಬೈಕಿಗೆ ನಿಲ್ಲದೆ ನುಗ್ಗುವುದರ ಹಿಂದೆ ಧೈರ್ಯವೊಂದೇ ಇಲ್ಲ.

ಬಿಳಿ ಪಟ್ಟೆ ಅಳಿಸಿಹೋದ ರೋಡ್ ಹಂಪ್ ಯಾಕೆ ಕಾಣುವುದಿಲ್ಲ ಎಂಬುದಕ್ಕೂ ಗಿಬ್ಸನ್ ಬಳಿ ಉತ್ತರವಿದೆ. ರಸ್ತೆಯ ಜಲ್ಲಿ, ಡಾಂಬರಿನ ಕಾಳು ದೂರ ಹೋದಂತೆ ಕ್ರಮವಾಗಿ ನುಣ್ಣಗಾಗುತ್ತಾ ಹೋಗುತ್ತದೆ, ಆ ಕ್ರಮವೇ ನೆಲದ ಇಳಿಜಾರನ್ನು ಹೇಳುವುದು. ಹಂಪ್ ಕೂಡ ಅದೇ ಡಾಂಬರು, ಅದೇ ಬಣ್ಣ, ತಗ್ಗಾದ ಉಬ್ಬು. ಕಾಳಿನ ಕ್ರಮ ಮುರಿಯುವುದು ಕಾಣಿಸುವಷ್ಟು ಹತ್ತಿರ ಬಂದಾಗ ಬ್ರೇಕ್ ಹಾಕುವ ಹೊತ್ತು ಮೀರಿರುತ್ತದೆ. ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿದ್ದು ಉಬ್ಬಿನ ನೆರಳೂ ಬೀಳದು. ಪಟ್ಟೆ ಬಳಿಯುವುದು ಅಲಂಕಾರಕ್ಕಲ್ಲ, ಕಳೆದುಹೋದ ಮಾಹಿತಿಯನ್ನು ನೆಲಕ್ಕೆ ಮರಳಿಸುವುದಕ್ಕೆ.

ಗಿಬ್ಸನ್ ಕೊಟ್ಟ ಇನ್ನೊಂದು ವಿಚಾರ, ವಸ್ತುವನ್ನು ನಾವು ‘ಏನು’ ಎಂದು ಕಾಣುವ ಮೊದಲೇ ‘ಏನಕ್ಕೆ ಒದಗುತ್ತದೆ’ ಎಂದು ಕಾಣುತ್ತೇವೆ ಎಂಬುದು. ಎದೆಮಟ್ಟದ ದರ್ಶಿನಿ ಮೇಜು ಮೊಣಕೈ ಊರಲು ಕರೆಯುತ್ತದೆ, ಕೂರಲು ಕರೆಯುವುದಿಲ್ಲ. ವಿಲಿಯಂ ವಾರನ್ 1984ರಲ್ಲಿ ಇದನ್ನು ಅಳೆದರು. ಕೈ ಊರದೆ ಹತ್ತಬಲ್ಲ ಮೆಟ್ಟಿಲ ಎತ್ತರದ ಮಿತಿ ಕಾಲಿನ ಉದ್ದದ 0.88 ಪಟ್ಟು, ದಣಿವಿಲ್ಲದೆ ಹತ್ತುವುದಕ್ಕೆ ಹಿತವಾದದ್ದು ಸುಮಾರು ಕಾಲು ಭಾಗ. ಕುಳ್ಳರೂ ಎತ್ತರದವರೂ ಬರೀ ನೋಡಿಯೇ ತಂತಮ್ಮ ಕಾಲಿಗೆ ತಕ್ಕ ಮಿತಿಯನ್ನು ಸರಿಯಾಗಿ ಹೇಳಿದರು. ಕಾಲಿನ ಉದ್ದ 80 ಸೆಂ.ಮೀ. ಇದ್ದರೆ ಮಿತಿ 70, ಹಿತ 20. ಹಳೆಯ ಮಾದರಿಯ ಬಸ್ಸಿನ ಮೊದಲ ಮೆಟ್ಟಿಲ ಮುಂದೆ ಅಜ್ಜಿಯರ ಕೈ ತಾನಾಗಿ ಕಂಬಿಗೆ ಹೋಗುವುದು ಈ ಅಳತೆಯಿಂದ.

ಆದರೆ ಪಡ್ಡಿನ ಹಂಚು ಯಾಕೆ ಉಬ್ಬಿತು, ಮುಖವಾಡ ಯಾಕೆ ಮೋಸ ಮಾಡಿತು ಎಂದರೆ ಗಿಬ್ಸನ್ ‘ಅದು ಸಹಜ ನೋಟವಲ್ಲ’ ಎಂದು ಜಾರಿಕೊಳ್ಳುತ್ತಾರೆ. ಒಪ್ಪುವುದು ಕಷ್ಟ. ನಡೆಯಲು, ದಾಟಲು, ಹಿಡಿಯಲು ಅವರ ಸಿದ್ಧಾಂತದಷ್ಟು ಹೊಂದುವುದು ಬೇರೆ ಇಲ್ಲ. ‘ಇದು ಲೋಟ’ ಎಂದು ಗುರುತಿಸುವುದಕ್ಕೆ ಅದು ಸಾಲದು.

ಗುರುತು ಹಿಡಿಯುವ ಕೆಲಸ

ಇಲ್ಲಿ ಬ್ರಿಟನ್ನಿನ ನರವಿಜ್ಞಾನಿ ಡೇವಿಡ್ ಮಾರ್ ಬರುತ್ತಾರೆ. 1980ರಲ್ಲಿ, 35ನೇ ವಯಸ್ಸಿಗೇ ತೀರಿಕೊಂಡರು, ಮುಖ್ಯ ಪುಸ್ತಕ ಹೊರಬಂದದ್ದು 1982ರಲ್ಲಿ. ಯಾವುದೇ ಲೆಕ್ಕ ಹಾಕುವ ಯಂತ್ರವನ್ನು ಮೂರು ಮಟ್ಟದಲ್ಲಿ ಅರಿಯಬೇಕು ಎಂದರು. ಕಂಡಕ್ಟರ್ ಕೆಲಸಕ್ಕೆ ಹೋಲಿಸಿ ನೋಡಿ. ಏನು ಲೆಕ್ಕ ಮಾಡಬೇಕು, ಯಾಕೆ (ಎಲ್ಲಿಂದ ಎಲ್ಲಿಗೆ ಎಷ್ಟು ದರ) ಎಂಬುದು ಒಂದು. ಯಾವ ವಿಧಾನದಿಂದ (ಸ್ಟೇಜ್ ಎಣಿಸಿ ಪಟ್ಟಿ ನೋಡುವುದು) ಎಂಬುದು ಎರಡು. ಯಾವುದರಿಂದ (ಕಾಗದದ ಟಿಕೆಟ್ಟೋ, ಮಿಷನ್ನೋ) ಎಂಬುದು ಮೂರು. ಮಿಷನ್ ಬಿಚ್ಚಿ ನೋಡಿದರೆ ದರ ಯಾಕೆ ಹಾಗಿದೆ ಎಂದು ತಿಳಿಯುವುದಿಲ್ಲ. ಗಿಬ್ಸನ್ ಮಾತಾಡಿದ್ದು ಬಹುಪಾಲು ಮೊದಲನೆಯದನ್ನು, ಹೆಲ್ಮ್‌ಹೋಲ್ಟ್ಸ್ ಎರಡನೆಯದನ್ನು. ಮೂರನೆಯದಕ್ಕೆ ಕೈ ಹಾಕಿದವರು ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್. ಬೆಕ್ಕಿನ ದೃಷ್ಟಿ ಮಿದುಳಿನ ಕೋಶವೊಂದು ಗಾಜಿನ ಸ್ಲೈಡಿನ ಮೇಲಿನ ಬೊಟ್ಟಿಗೆ ಮಿಸುಕದೆ, ಸ್ಲೈಡ್ ಸರಿಸುವಾಗ ಅದರ ಅಂಚಿನ ನೆರಳಿಗೆ ಪಟಪಟನೆ ಮಿಡಿದದ್ದು ಅವರ ಕಣ್ಣು ತೆರೆಸಿತು. ಓರೆಯೋ ನೇರವೋ ಎಂದು ಅಂಚಿನ ದಿಕ್ಕನ್ನು ಆರಿಸುವ ಕೋಶಗಳಿವೆ ಎಂದು 1959ರಲ್ಲಿ ಬರೆದರು, 1981ರಲ್ಲಿ ನೊಬೆಲ್ ಬಂತು.

ಮಾರ್ ಹೇಳುವ ಹಂತಗಳನ್ನು ಲೋಟಕ್ಕೆ ಹಚ್ಚಿದರೆ ಹೀಗೆ: ಮೊದಲು ಬೆಳಕು ಥಟ್ಟನೆ ಬದಲಾಗುವ ಕಡೆಗಳನ್ನು ಗುರುತಿಸಿ ಅಂಚುಗಳ ಕರಡು. ಆಮೇಲೆ ನೆರಳು, ಎರಡು ಕಣ್ಣಿನ ವ್ಯತ್ಯಾಸ, ಚಲನೆ ಸೇರಿಸಿ, ಮೇಲ್ಮೈಯ ಪ್ರತಿ ತುಣುಕು ನಿಮ್ಮಿಂದ ಎಷ್ಟು ದೂರ, ಯಾವ ಕಡೆಗೆ ವಾಲಿದೆ ಎಂಬ ನಕ್ಷೆ. ಇದನ್ನು ಅವರು ಎರಡೂವರೆ ಆಯಾಮ ಎಂದರು, ಯಾಕೆಂದರೆ ಲೋಟದ ಹಿಂಬದಿ ಇದರಲ್ಲಿ ಇಲ್ಲ, ನೀವು ಜಾಗ ಬದಲಿಸಿದರೆ ನಕ್ಷೆಯೂ ಬದಲು. ಕೊನೆಗೆ ನೋಡುವವರನ್ನು ಬಿಟ್ಟು ಲೋಟದ ನಡುಗೆರೆಯನ್ನೇ ಆಧಾರವಾಗಿಟ್ಟುಕೊಂಡ ಪೂರ್ಣ ಘನರೂಪ. ಆಗ ಎಲ್ಲಿಂದ ನೋಡಿದರೂ ಅದೇ ಲೋಟ.

ಇರ್ವಿಂಗ್ ಬೀಡರ್‌ಮನ್ 1987ರಲ್ಲಿ ಈ ಕೊನೆ ಹಂತಕ್ಕೆ ಅಕ್ಷರಮಾಲೆ ಕೊಟ್ಟರು. ಸಿಲಿಂಡರ್, ಇಟ್ಟಿಗೆ, ಶಂಕು, ಬಾಗಿದ ಕೊಳವೆ ಇಂಥ 36 ಮೂಲ ಘನಾಕೃತಿಗಳು, ಜಿಯಾನ್‌ಗಳು, ಸಾಕು ಎಂದರು. ಮೂರು ಮೂರು ಸೇರಿಸಿದರೆ ಅವರ ಲೆಕ್ಕದಲ್ಲಿ 15.4 ಕೋಟಿ ವಸ್ತುಗಳಾಗುತ್ತವೆ. ಸಿಲಿಂಡರಿನ ಪಕ್ಕಕ್ಕೆ ಬಾಗಿದ ಕೊಳವೆ ಅಂಟಿಸಿದರೆ ಕಾಫಿ ಕಪ್ಪು, ಅದನ್ನೇ ಮೇಲಕ್ಕೆ ಕಮಾನಾಗಿಸಿದರೆ ಬಕೆಟ್. ಕಪ್ಪಿನ ಗೆರೆಚಿತ್ರವೊಂದನ್ನು ಬರೆದು ಪರೀಕ್ಷಿಸಿ. ಒಂದು ಪ್ರತಿಯಲ್ಲಿ ಗೆರೆಗಳ ನಡುಭಾಗ ಅಳಿಸಿ, ಇನ್ನೊಂದರಲ್ಲಿ ಅಷ್ಟೇ ಉದ್ದದ ಗೆರೆಯನ್ನು ಮೂಲೆ, ಸಂದು, ಕೂಡುವ ಕಡೆಗಳಿಂದ ಅಳಿಸಿ. ಮೊದಲನೆಯದನ್ನು ಮನೆಯವರೆಲ್ಲ ಹೇಳುತ್ತಾರೆ, ಎರಡನೆಯದು ಬರೀ ಗೀಚು.

ಹಾಗಾದರೆ ಲಾಲ್‌ಬಾಗಿನ ಮಾವಿನ ಮೇಳದಲ್ಲಿ ರಸಪುರಿ, ಬಾದಾಮಿ ಬೇರೆ ಮಾಡುವುದು ಹೇಗೆ? ಎರಡೂ ಒಂದೇ ಜಿಯಾನ್. ಇಬ್ಬರ ಮುಖವೂ ಒಂದೇ ಜಿಯಾನ್. ಲೋಟವನ್ನೇ ನೆತ್ತಿಯ ಮೇಲಿಂದ ನೋಡಿದರೆ ಒಂದರೊಳಗೊಂದು ಎರಡು ವೃತ್ತ, ಸಿಲಿಂಡರಿನ ಗುರುತೇ ಇಲ್ಲ. ಆದರೂ ಕಾಫಿ ಸೋಸಿ ಸುರಿಯುವವರಿಗೆ ಆ ನೋಟವೇ ಪರಿಚಿತ. ಬ್ಯೂಲ್ಟಾಫ್ ಮತ್ತು ಎಡೆಲ್ಮನ್ 1992ರಲ್ಲಿ ತಿರುಚಿದ ತಂತಿಯಂಥ ಹೊಸ ವಸ್ತುಗಳನ್ನು ಕೆಲವು ಕೋನಗಳಿಂದ ಮಾತ್ರ ಪರಿಚಯಿಸಿ, ಆ ಕೋನದಿಂದ ದೂರ ಸರಿದಂತೆ ಗುರುತಿಸುವಿಕೆ ಕೆಡುತ್ತದೆ ಎಂದು ತೋರಿಸಿದರು. ಅಂದರೆ ನಾವು ಘನರೂಪಕ್ಕಿಂತ ಹೆಚ್ಚಾಗಿ, ಕಂಡ ನೋಟಗಳನ್ನೇ ಕೂಡಿಟ್ಟುಕೊಂಡಿರುತ್ತೇವೆ. ಲೋಟವೋ ಬಕೆಟ್ಟೋ ಎಂಬಲ್ಲಿ ಬೀಡರ್‌ಮನ್, ಯಾರ ಮುಖ ಎಂಬಲ್ಲಿ ಇವರು. ಇಂದು ಹೆಚ್ಚಿನವರು ಎರಡಕ್ಕೂ ಜಾಗ ಬಿಡುತ್ತಾರೆ.

ರ ಮತ್ತು ಠ

ಮನೋವಿಜ್ಞಾನಿ ಆನ್ ಟ್ರೀಸ್ಮನ್ ಕೇಳಿದ್ದು ಬೇರೆಯೇ: ಬಣ್ಣ, ದಿಕ್ಕು, ಚಲನೆ ಬೇರೆ ಬೇರೆ ಕಡೆ ಲೆಕ್ಕವಾಗುವುದಾದರೆ ಇವು ಒಂದೇ ವಸ್ತುವಿಗೆ ಸೇರಿದವು ಎಂದು ಕಟ್ಟುವವರು ಯಾರು? ಗೆಲಾಡ್ ಜೊತೆ 1980ರಲ್ಲಿ ಕೊಟ್ಟ ಉತ್ತರ, ಗಮನ. ಕೆ.ಆರ್. ಮಾರ್ಕೆಟ್ಟಿನ ಬಿಳಿ ಸೇವಂತಿಗೆ ರಾಶಿಯಲ್ಲಿ ಒಂದೇ ಕನಕಾಂಬರ ಬಿದ್ದಿದ್ದರೆ ರಾಶಿ ಎಷ್ಟೇ ದೊಡ್ಡದಿರಲಿ, ಅದೇ ಕಣ್ಣಿಗೆ ಹಾರುತ್ತದೆ. ಬಣ್ಣವೂ ಆಕಾರವೂ ಎರಡೂ ಹೊಂದಬೇಕಾದ ಹುಡುಕಾಟದಲ್ಲಿ ಹಾಗಲ್ಲ. ಅವರ ಪ್ರಯೋಗದಲ್ಲಿ ಒಂದೊಂದು ವಸ್ತು ಹೆಚ್ಚಿದಾಗಲೂ ಸುಮಾರು 29 ಮಿಲಿಸೆಕೆಂಡ್ ಜಾಸ್ತಿ ಬೇಕಾಯಿತು. ಹುಡುಕುವುದು ಇಲ್ಲವೇ ಇಲ್ಲದಿದ್ದರೆ ಸುಮಾರು 67, ಯಾಕೆಂದರೆ ಇದ್ದರೆ ಸರಾಸರಿ ಅರ್ಧಕ್ಕೇ ಸಿಗುತ್ತದೆ, ಇಲ್ಲದಿದ್ದರೆ ಪೂರ್ತಿ ತಡಕಬೇಕು.

ಕನ್ನಡದಲ್ಲೇ ಇದಕ್ಕೆ ಹೇಳಿ ಮಾಡಿಸಿದ ಸಾಮಗ್ರಿ ಇದೆ. ಹಾಳೆಯ ತುಂಬ 40 ‘ರ’ ಬರೆದು ನಡುವೆ ಒಂದು ‘ಠ’ ಸೇರಿಸಿ. ಇನ್ನೊಂದರಲ್ಲಿ 40 ‘ಠ’, ಒಂದು ‘ರ’. ಸ್ಟಾಪ್‌ವಾಚ್ ಹಿಡಿದು ಮಕ್ಕಳಿಗೆ ಕೊಡಿ. ವೃತ್ತಕ್ಕೆ ಒಂದು ಗೆರೆ ಸೇರಿದ್ದನ್ನು ಹುಡುಕುವುದು ಸುಲಭ, ಗೆರೆಯಿರುವ ವೃತ್ತಗಳ ನಡುವೆ ಗೆರೆಯಿಲ್ಲದ್ದನ್ನು ಹುಡುಕುವುದು ಕಷ್ಟ ಎಂದು ಟ್ರೀಸ್ಮನ್ 1985ರಲ್ಲಿ ತೋರಿಸಿದ್ದರು. ಇದ್ದದ್ದು ಎದ್ದು ಕಾಣುತ್ತದೆ, ಇಲ್ಲದ್ದು ಕಾಣುವುದಿಲ್ಲ. ದ, ಧ, ಥ ಮೂರರಲ್ಲೂ ಇದೇ ಕಥೆ: ಒಂದು ಸೀಳು, ಒಂದು ಚುಕ್ಕಿ. ಒಂದನೇ ತರಗತಿಯ ಮಗು ‘ಧನ’ವನ್ನು ‘ದನ’ ಎಂದು ಓದಿದರೆ ಗದರುವ ಮೊದಲು ಇದು ನೆನಪಿರಲಿ.

ಓದಲು ಕಲಿತ ಕಣ್ಣು ಮುಂದೇನು ಮಾಡುತ್ತದೆ ಎಂಬುದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದಲೇ ಒಂದು ಚಂದದ ಕೆಲಸ ಬಂದಿದೆ. ನರವಿಜ್ಞಾನ ಕೇಂದ್ರದ ಎಸ್.ಪಿ. ಅರುಣ್ ಮತ್ತು ಸಂಗಡಿಗರು 2019ರಲ್ಲಿ ತೆಲುಗು ಓದುವವರಿಗೂ ಮಲಯಾಳಂ ಓದುವವರಿಗೂ ಎರಡೂ ಲಿಪಿ ತೋರಿಸಿ ಹೋಲಿಸಿದರು. ತಾನು ಓದಬಲ್ಲ ಲಿಪಿಯಲ್ಲಿ ಅಕ್ಷರಗಳು ಒಂದಕ್ಕೊಂದು ಅಂಟಿ ಒಂದು ಹೊಸ ಚಿತ್ರವಾಗುತ್ತವೆ ಎಂದು ಯಾರಾದರೂ ಅಂದುಕೊಂಡಾರು. ಆದದ್ದು ತಿರುಗಮುರುಗ. ಓದು ಬಂದವರಿಗೆ ಅಕ್ಷರಗಳ ನಡುವಿನ ಪರಸ್ಪರ ಪ್ರಭಾವ ಕಡಿಮೆಯಾಗಿ, ಇಡೀ ಪದವನ್ನು ಬಿಡಿ ಅಕ್ಷರಗಳ ಮೊತ್ತದಿಂದಲೇ ಇನ್ನೂ ಚೆನ್ನಾಗಿ ಊಹಿಸಬಹುದಾಗಿತ್ತು. ಇಡಿ ಎಂಬುದು ಬಿಡಿಗಳಿಗಿಂತ ಬೇರೆ ಎಂದ ಗೆಸ್ಟಾಲ್ಟಿನವರಿಗೆ ಇದು ಸಣ್ಣ ಮುಜುಗರ.

ಎರಡು ದಾರಿ

ಊಹೆಯ ಪಕ್ಷ, ಗಿಬ್ಸನ್ ಪಕ್ಷ ಎರಡೂ ಸರಿಯಿರಬಹುದು ಎಂಬುದಕ್ಕೆ ಬಲವಾದ ಸಾಕ್ಷಿ ಒಬ್ಬ ರೋಗಿಯಿಂದ ಬಂತು. ಕಾರ್ಬನ್ ಮೊನಾಕ್ಸೈಡ್ ವಿಷದಿಂದ ಮಿದುಳಿಗೆ ಪೆಟ್ಟಾಗಿದ್ದ, ಡಿ.ಎಫ್. ಎಂಬ ಸಂಕೇತಾಕ್ಷರದಿಂದ ತಿಳಿದಿರುವ ಮಹಿಳೆ. ಅಂಚೆ ಡಬ್ಬಿಯ ಬಾಯಿಯಂಥ ಸೀಳನ್ನು ಓರೆಯಾಗಿ ತಿರುಗಿಸಿಟ್ಟು, ಕೈಯಲ್ಲಿದ್ದ ಕಾರ್ಡನ್ನು ಅದೇ ಓರೆಗೆ ತಿರುಗಿಸಿ ತೋರಿಸಿ ಎಂದರೆ ಆಗಲಿಲ್ಲ. ಸೀಳು ಅಡ್ಡವೋ ಉದ್ದವೋ ಎಂದೂ ಹೇಳಲಾಗಲಿಲ್ಲ. ‘ಸರಿ, ಒಳಗೆ ಹಾಕಿ’ ಎಂದಾಗ ಕೈ ಚಾಚಿದ ಕ್ಷಣದಿಂದಲೇ ಮಣಿಕಟ್ಟು ಸರಿಯಾಗಿ ತಿರುಗಿ ಕಾರ್ಡು ಸಲೀಸಾಗಿ ಒಳಗೆ ಹೋಯಿತು. ಇದರಿಂದ ಗುಡೇಲ್ ಮತ್ತು ಮಿಲ್ನರ್ 1992ರಲ್ಲಿ ವಾದಿಸಿದ್ದು: ಹಿಂದಲೆಯಿಂದ ಕಿವಿಯ ಕಡೆಗೆ ಕೆಳಗೆ ಹೋಗುವ ದಾರಿ ಗುರುತಿಸುವುದಕ್ಕೆ, ನೆತ್ತಿಯ ಕಡೆಗೆ ಮೇಲೆ ಹೋಗುವ ದಾರಿ ಕೈಕಾಲು ನಡೆಸುವುದಕ್ಕೆ. ಲೋಟವನ್ನು ಲೋಟ ಎನ್ನುವುದು ಒಂದು, ಬೆರಳುಗಳನ್ನು ಅದರ ಅಗಲಕ್ಕೆ ತೆರೆಯುವುದು ಇನ್ನೊಂದು. ಎರಡೂ ದಾರಿ ಪೂರಾ ಬೇರೆಯಲ್ಲ, ನಡುವೆ ಮಾತುಕತೆ ಇದೆ. ಆದರೆ ಗ್ರೆಗರಿ ಒಂದರ ಬಗ್ಗೆ, ಗಿಬ್ಸನ್ ಇನ್ನೊಂದರ ಬಗ್ಗೆ ಬರೆಯುತ್ತಿದ್ದರು ಎಂದು ಓದಿಕೊಂಡರೆ ಇಬ್ಬರೂ ಅರ್ಥವಾಗುತ್ತಾರೆ.

ಈಗ ಕಂಪ್ಯೂಟರಿನ ಕೃತಕ ನರಜಾಲಗಳೂ ಕೋಟಿಗಟ್ಟಲೆ ಚಿತ್ರ ತಿಂದು ವಸ್ತು ಗುರುತಿಸುತ್ತವೆ. ಅವು ನಮ್ಮ ಹಾಗೇ ನೋಡುತ್ತವೆಯೇ? 2019ರಲ್ಲಿ ಜರ್ಮನಿಯ ಸಂಶೋಧಕರು ಬೆಕ್ಕಿನ ಆಕಾರಕ್ಕೆ ಆನೆಯ ಚರ್ಮ ಹೊದಿಸಿ ತೋರಿಸಿದಾಗ ಮನುಷ್ಯರು ಬೆಕ್ಕು ಎಂದರು, ಜಾಲ ಆನೆ ಎಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅದೇ ತಂಡ 2021ರಲ್ಲಿ ಮನುಷ್ಯರಲ್ಲಿ ಕಾಣುವ ಹಲವು ಪರಿಣಾಮಗಳನ್ನು ಒಂದೊಂದಾಗಿ ಜಾಲಗಳಲ್ಲಿ ಹುಡುಕಿತು. ಕನ್ನಡಿ ಬಿಂಬದ ಗೊಂದಲದಂಥವು ಸಿಕ್ಕವು. ಒಂದರ ಹಿಂದೆ ಒಂದು ಮರೆಯಾಗಿರುವುದನ್ನು ಹಿಡಿಯುವುದು, ಘನರೂಪ ಗ್ರಹಿಸುವುದು, ಬಿಡಿಗಿಂತ ಇಡಿಯನ್ನು ಮೊದಲು ಕಾಣುವುದು ಸಿಗಲಿಲ್ಲ. ಇಡಿ ಮೊದಲು ಎಂಬಲ್ಲಿ ವರ್ಟೈಮರ್ ಮತ್ತೆ ತಲೆ ಎತ್ತುತ್ತಾರೆ.

ಹುಟ್ಟಿನಿಂದ ಪೊರೆ ಕವಿದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಅವರ ನೋಟವನ್ನು ಅಧ್ಯಯನ ಮಾಡುವ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಕೂಡ ಇದೇ ಕಡೆಗೆ ಬೆರಳು ತೋರುತ್ತದೆ. ಕೈಯಲ್ಲಿ ಮುಟ್ಟಿ ತಿಳಿದದ್ದನ್ನು, ದೃಷ್ಟಿ ಬಂದ ಕೂಡಲೇ ನೋಡಿ ಗುರುತಿಸಲು ಮಕ್ಕಳಿಗೆ ಆಗಲಿಲ್ಲ, ದಿನಗಳಲ್ಲಿ ಕಲಿತರು ಎಂದು 2011ರ ವರದಿ. ಅನುಭವದಿಂದಲೇ ಊಹೆ ಬೆಳೆಯುತ್ತದೆ ಎಂದ ಹೆಲ್ಮ್‌ಹೋಲ್ಟ್ಸ್‌ಗೆ ಇದು ಜಯ ಎನ್ನುವಷ್ಟರಲ್ಲಿ 2015ರಲ್ಲಿ ಇನ್ನೊಂದು ಬಂತು: ಹೊಸದಾಗಿ ದೃಷ್ಟಿ ಬಂದ ಮಕ್ಕಳು, ಕೂಡಿಕೊಳ್ಳುತ್ತಾ ಹೋಗುವ ಗೆರೆಗಳ ನಡುವಿನ ಸಮ ಅಡ್ಡಗೀಟುಗಳಲ್ಲಿ ಮೇಲಿನದು ಉದ್ದ ಎಂಬ ಪಾಂಝೊ ಭ್ರಮೆಗೆ ತಕ್ಷಣವೇ ಒಳಗಾದರು. ವರ್ಷಗಟ್ಟಲೆ ರಸ್ತೆ, ರೈಲುಹಳಿ ನೋಡಿದ ಅನುಭವ ಅದಕ್ಕೆ ಬೇಕಿರಲಿಲ್ಲ.

ಇದೇ ಪ್ರಾಜೆಕ್ಟಿನ 2009ರ ವರದಿಯಲ್ಲಿ ತಡವಾಗಿ ದೃಷ್ಟಿ ಬಂದ ಮೂವರ ವಿವರವಿದೆ. ಒಂದರ ಮೇಲೊಂದು ಬಿದ್ದ ಚೌಕ, ವೃತ್ತ ತೋರಿಸಿ ಎಷ್ಟು ವಸ್ತು ಎಂದರೆ, ಗೆರೆಗಳು ದಾಟಿದ ಪ್ರತಿ ತುಂಡನ್ನೂ ಬೇರೆ ಬೇರೆ ಎಣಿಸಿದರು. ಫೋಟೊಗಳಲ್ಲಿ ಬಣ್ಣ ಬದಲಾದಲ್ಲೆಲ್ಲ, ನೆರಳು ಬಿದ್ದಲ್ಲೆಲ್ಲ ಹೊಸ ವಸ್ತು. ರಂಗೋಲಿಯ ಎಳೆ ದಾಟುವ ಕಡೆ ನಮ್ಮ ಕಣ್ಣು ಯೋಚಿಸದೆ ಮಾಡುವ ಕೆಲಸ ಅವರಿಗೆ ಬರಲಿಲ್ಲ. ಅದೇ ಆಕಾರಗಳನ್ನು ಪರದೆಯ ಮೇಲೆ ಚಲಿಸುವಂತೆ ಮಾಡಿದಾಗ ಮಾತ್ರ, ಜೊತೆಗೆ ಸರಿಯುವ ಅಂಚುಗಳೆಲ್ಲ ಒಟ್ಟಾಗಿ, ಇದು ಚೌಕ, ಅದು ವೃತ್ತ ಎಂದು ಬೆರಳಿಟ್ಟು ತೋರಿಸಿದರು. ತಿಂಗಳುಗಳ ನಂತರ ನಿಂತ ಚಿತ್ರಗಳಲ್ಲೂ ಅದು ಸಾಧ್ಯವಾಯಿತು.